ಸುಡದ ಕರಿಮಣಿ

ಕಣ್ಣಿಗೆ ಕಾಣುವ ಕೆಂಪು ಚುಕ್ಕೆ ಬರೀ ದಾರಿ ತೋರಿಸುವುದಕ್ಕೆ. ಲೇಸರ್ ಚಿಕಿತ್ಸೆಗೆ ಬಂದವರಿಗೆಲ್ಲ ನಾನು ಮೊದಲು ಹೇಳುತ್ತಿದ್ದ ಮಾತು ಇದು. ನೋಯುವ ಜಾಗದ ಮೇಲೆ ಬೀಳುವ ಆ ಚುಕ್ಕೆಯೇ ಔಷಧ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಔಷಧದ ಬೆಳಕು ಅದರ ಬೆನ್ನಿಗೇ ಬರುತ್ತದೆ, ಆದರೆ ಅದು ಅವಕೆಂಪು ಬೆಳಕು, ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ. ಕೆಂಪು ಚುಕ್ಕೆಯಷ್ಟೇ ಇದ್ದು ಅದರ ಹಿಂದೆ ಏನೂ ಇಲ್ಲದಿದ್ದರೂ ಮಲಗಿದವರಿಗೆ ಗೊತ್ತಾಗದು. ಈ ಕೊನೆಯ ಮಾತನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಹೇಳುವ ಪ್ರಸಂಗ ಬರುತ್ತದೆಂದೂ ಅನ್ನಿಸಿರಲಿಲ್ಲ.

ನನ್ನ ಹೆಸರು ಶೈಲಜಾ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾನೂ ನನ್ನ ಗಂಡ ಉಮಾಕಾಂತನೂ ಕೈರೊಪ್ರಾಕ್ಟಿಕ್ ಕ್ಲಿನಿಕ್ ನಡೆಸುತ್ತಿದ್ದೆವು. ಬೆನ್ನುಮೂಳೆಯ ಕೀಲುಗಳನ್ನು ಬರಿಗೈಯಿಂದ ಸರಿಪಡಿಸುವ ವಿದ್ಯೆ ಅದು. ಕೀಲು ಕೂತಾಗ ಬರುವ ಸದ್ದಿಗೆ ಊರಿನವರು ನಮ್ಮನ್ನು ‘ಲಟಕ್ ಡಾಕ್ಟರು’ ಎನ್ನುತ್ತಿದ್ದರು. ಜನರೆದುರು ನಾನು ಗಂಡನನ್ನು ‘ಅವರು’ ಎಂದೇ ಕರೆಯುವುದು. ಇಲ್ಲಿ ಮಾತ್ರ ‘ಅವನು’ ಎಂದು ಬರೆಯುತ್ತೇನೆ. ಓದುವವರಿಗೆ ಬೇಜಾರಾದರೆ ಪೂರ್ತಿ ಓದಿ ಆಮೇಲೆ ಬೇಜಾರು ಮಾಡಿಕೊಳ್ಳಲಿ.

ಮೊದಲು ಯಂತ್ರದ ವಿಷಯ. ಹಳೆಯ ಲೇಸರ್ ನಮ್ಮಲ್ಲಿ ಮುಂಚಿನಿಂದಲೂ ಇತ್ತು. ಊತ ಇಳಿಸುವುದಕ್ಕೆ, ನೋವು ತಗ್ಗಿಸುವುದಕ್ಕೆ ಅದು ಸಾಕು. ಮೂಳೆಗಳ ನಡುವೆ ಒತ್ತಡಕ್ಕೆ ಸಿಕ್ಕು ಸೊರಗಿದ ನರವನ್ನು ಮತ್ತೆ ಬೆಳೆಸುವುದು ಅದರಿಂದಾಗದು. ಹೊಸ ಯಂತ್ರ ಬೆಳೆಸುತ್ತದೆ ಎಂದು ಅದನ್ನು ಮಾಡಿದ ಕಂಪನಿಯವರು ಹೇಳಿದರು. ಅವರು ಅದಕ್ಕಿಟ್ಟ ಹೆಸರು ನರದೀಪ. ನಮ್ಮ ಜೀವಕೋಶಗಳೊಳಗೆ ಮೈಟೋಕಾಂಡ್ರಿಯಾ ಎಂಬ ಪುಟ್ಟ ಅಡುಗೆಮನೆಗಳಿವೆ. ಅವಕೆಂಪು ಬೆಳಕು ಬಿದ್ದರೆ ಅಲ್ಲಿ ಒಲೆ ಜೋರಾಗಿ ಕೋಶಕ್ಕೆ ಶಕ್ತಿ ಸಿಗುತ್ತದೆ. ಇಷ್ಟು ಹಳೆಯ ವಿದ್ಯೆ. ನರದೀಪದ ಬೆಳಕು ಒಂದೇ ಸಮ ಉರಿಯದೆ, ಆರೋಗ್ಯವಂತ ನರ ಮಿಡಿಯುವ ಲಯದಲ್ಲೇ ಮಿಡಿಯುತ್ತದೆ. ಆ ಲಯ ಸಿಕ್ಕರೆ ಸೊರಗಿದ ನರ ಚಿಗುರುತ್ತದೆ. ಆದರೆ ಕುತ್ತಿಗೆಯ ನರ ಮೂಳೆಯ ಮರೆಯಲ್ಲಿರುವುದರಿಂದ, ಪಳಗಿದ ಕೈಯೊಂದು ಆ ಸಂದನ್ನು ತೆರೆದು ಹಿಡಿದಿರಬೇಕು. ಆಗ ಮಾತ್ರ ಬೆಳಕು ಒಳಗಿಳಿಯುತ್ತದೆ. ಮತ್ತೆ, ಪೆಟ್ಟಾದ ವರ್ಷದೊಳಗೇ ಇದು ಆಗಬೇಕು. ಆಮೇಲೆ ನರದ ಸುತ್ತ ಗಾಯದ ಕಲೆ ಗಟ್ಟಿಯಾಗಿಬಿಡುತ್ತದೆ, ಯಾವ ಬೆಳಕಿಗೂ ದಾರಿ ಬಿಡುವುದಿಲ್ಲ.

ಕರ್ನಾಟಕಕ್ಕೆಲ್ಲ ಒಂದೇ ಯಂತ್ರ ಬಂತು, ಅದೂ ನಮ್ಮ ಕ್ಲಿನಿಕ್ಕಿಗೆ. ಮಾರಾಟದ ಪರವಾನಗಿ ಸಿಗಬೇಕಾದರೆ ಅದು ಪರೀಕ್ಷೆಯಲ್ಲಿ ಗೆಲ್ಲಬೇಕಿತ್ತು. ರೋಗಿಗಳಲ್ಲಿ ಅರ್ಧ ಜನಕ್ಕೆ ನಿಜವಾದ ಬೆಳಕು, ಉಳಿದರ್ಧಕ್ಕೆ ಬರೀ ಕೆಂಪು ಚುಕ್ಕೆ. ಯಾರಿಗೆ ಯಾವುದೆಂದು ಯಂತ್ರವೇ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಅದು ರೋಗಿಗೂ ಗೊತ್ತಿರಬಾರದು, ನಮಗೂ ಗೊತ್ತಿರಬಾರದು. ಕೊನೆಗೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ನೋಡಿ ತೀರ್ಮಾನ. ಯಂತ್ರ ತೆರೆಯುತ್ತಿದ್ದದ್ದು ಉಮಾಕಾಂತನ ಹೆಬ್ಬೆರಳಿನ ಗುರುತಿಗೆ ಮಾತ್ರ. ಗೆದ್ದರೆ ನಾಡಿನಲ್ಲಿ ತೆರೆಯುವ ನರದೀಪ ಕ್ಲಿನಿಕ್ಕುಗಳಿಗೆಲ್ಲ ಅವನೇ ಮುಖ್ಯಸ್ಥನಾಗುತ್ತಿದ್ದ.

ಆ ದಿನಗಳಲ್ಲೇ ನನಗೆ ಪೆಟ್ಟಾಯಿತು. ಎಪಿಎಂಸಿಯ ಹಮಾಲರೊಬ್ಬರು ಚಿಕಿತ್ಸೆಯ ಮೇಜಿನಿಂದ ಏಳುವಾಗ ತಲೆ ಸುತ್ತಿ ನನ್ನ ಮೇಲೇ ಒರಗಿದರು. ಅವರು ನೆಲಕ್ಕೆ ಬೀಳದಂತೆ ತಡೆದೆ, ನನ್ನ ಕುತ್ತಿಗೆ ಉಳುಕಿತು. ನೋವು ಹತೋಟಿಗೆ ಬಂತು, ಆದರೆ ಬಲಗೈ ಹೆಬ್ಬೆರಳು ಮರಗಟ್ಟಿತು. ಬೇರೆಯವರಿಗಾದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ತ್ರಾಸವಾಗಬಹುದು, ಅಷ್ಟೇ. ನನಗೆ ಹೆಬ್ಬೆರಳೇ ಕಣ್ಣು. ಚರ್ಮದ ಕೆಳಗೆ ಯಾವ ಕೀಲು ಎತ್ತ ಸರಿದಿದೆ ಎಂದು ನಾನು ನೋಡುತ್ತಿದ್ದದ್ದು ಅದರಿಂದಲೇ. ಆ ಕಣ್ಣಿಲ್ಲದೆ ಇನ್ನೊಬ್ಬರ ಕತ್ತು ತಿರುಗಿಸುವುದು ಕೊಲೆಗೆ ಸಮ. ರೋಗಿಗಳನ್ನು ಮುಟ್ಟುವುದನ್ನೇ ಬಿಟ್ಟೆ. ಯಂತ್ರದ ತೋಳು ಹೊಂದಿಸುವುದು, ಬಂದವರನ್ನು ಮಾತಾಡಿಸುವುದು, ಕಪ್ಪು ಕನ್ನಡಕ ತೊಡಿಸುವುದು, ಇಷ್ಟಕ್ಕೆ ನಿಂತೆ.

"ಪರೀಕ್ಷೆ ಗಿರೀಕ್ಷೆ ನನಗ ಬ್ಯಾಡ್ರಿ. ನನಗ ಖರೇ ಬೆಳಕ ಬೇಕು," ಎಂದು ಉಮಾಕಾಂತನಿಗೆ ಮೊದಲೇ ಹೇಳಿದೆ.

"ಹುಚ್ಚಿ, ನೀ ಪರೀಕ್ಷೆ ಹೊರಗಿನಾಕಿ. ನಿನ್ನ ಕೈ ಮೊದಲಿನಂಗ ಮಾಡೂದು ನನ್ನ ಜವಾಬ್ದಾರಿ," ಎಂದ. ನನ್ನ ನೆತ್ತಿಯ ಮೇಲೆ ಕೈಯಿಟ್ಟೇ ಹೇಳಿದ.

ನಮ್ಮ ವೃತ್ತಿಯವರಲ್ಲಿ ಒಂದು ರೂಢಿ ಇದೆ. ತನ್ನ ಕುತ್ತಿಗೆಯನ್ನು ತಾನೇ ಸರಿಪಡಿಸಿಕೊಳ್ಳುವುದು ಎಷ್ಟು ದೊಡ್ಡ ಪಂಡಿತನಿಗೂ ಆಗದ ಕೆಲಸ. ಹಾಗಾಗಿ ದಿನದ ರೋಗಿಗಳೆಲ್ಲ ಹೋದಮೇಲೆ ಜೊತೆಗೆ ಕೆಲಸ ಮಾಡುವವರು ಒಬ್ಬರಾದ ಮೇಲೊಬ್ಬರು ಮೇಜಿನ ಮೇಲೆ ಮಲಗುತ್ತಾರೆ, ಇನ್ನೊಬ್ಬರು ಅವರ ಬೆನ್ನು, ಕತ್ತು ನೋಡುತ್ತಾರೆ. ಕಲಿಯುವ ಕಾಲದಲ್ಲಿ ನಾನು ಉಮಾಕಾಂತನನ್ನು ಮೆಚ್ಚಿದ್ದು ಹೀಗೆಯೇ. ಕತ್ತು ಹಿಡಿದಾಗ ಅವನ ಕೈಯಲ್ಲಿ ಅವಸರವಿರುತ್ತಿರಲಿಲ್ಲ. ಅಂಥ ಕೈ ಇರುವವನು ಮೋಸ ಮಾಡಲಾರ ಎಂದು ಲೆಕ್ಕ ಹಾಕಿ ಮದುವೆಯಾದೆ. ನನ್ನ ಲೆಕ್ಕಕ್ಕಿಷ್ಟು ಬೆಂಕಿ ಬೀಳಲಿ!

ಪ್ರತಿ ಸಂಜೆ ಬೋರಲು ಮಲಗುತ್ತಿದ್ದೆ. ಅವನು ಎಡಗೈಯಿಂದ ಕುತ್ತಿಗೆಯ ಸಂದನ್ನು ತೆರೆದು ಹಿಡಿಯುತ್ತಿದ್ದ. ಯಂತ್ರ ಸಣ್ಣಗೆ ಗುಂಯ್ ಎನ್ನುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು, ಆ ಬೆಳಕು ಒಳಗೆ ಇಳಿದು ನರದ ಬಾಗಿಲು ತಟ್ಟುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ಅವನು ಹೆಬ್ಬೆರಳಿಗೆ ಸೂಜಿ ತಾಗಿಸಿ, "ತಿಳೀತೇನ?" ಎಂದು ಕೇಳುತ್ತಿದ್ದ. "ಹೋದ ವಾರಕ್ಕಿಂತ ಚೊಲೊ ಐತ್ರಿ," ಎನ್ನುತ್ತಿದ್ದೆ. ಸುಳ್ಳಲ್ಲ, ನನಗೆ ನಿಜವಾಗಿ ಹಾಗೇ ಅನ್ನಿಸುತ್ತಿತ್ತು. ಹಾಗೆ ಹೇಳಿದಾಗಲೆಲ್ಲ ಅವನ ಮುಖ ಯಾಕೋ ಸಣ್ಣಗಾಗುತ್ತಿತ್ತು. ಇಷ್ಟು ನಿಧಾನವಾಯಿತಲ್ಲ ಎಂದು ನೊಂದುಕೊಳ್ಳುತ್ತಾನೆ, ಪಾಪ, ಎಂದುಕೊಂಡು ನಾನೇ ಅವನಿಗೆ ಧೈರ್ಯ ಹೇಳುತ್ತಿದ್ದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮನೆಯಲ್ಲಿ ನನ್ನ ಅತ್ತೆ ನೀಲಗಂಗಮ್ಮನವರಿಗೆ ವಿಜ್ಞಾನದ ಗಂಧವಿಲ್ಲ, ಆದರೆ ಕಣ್ಣು ಚುರುಕು. ಒಂದು ದಿನ ರೊಟ್ಟಿ ಬೇಯಿಸುತ್ತ ನಿಂತಿದ್ದೆ. ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದು ಎಳೆದರು.

"ಶೈಲಾ! ಹೆಬ್ಬಟ್ಟ ಹಂಚಿಗೆ ಹತ್ತಿ ಸುಡಾಕತ್ತೈತಿ. ವಾಸನಿ ಸೈತ ಬರಲಿಲ್ಲೇನ ನಿನಗ?"

ನೋಡಿಕೊಂಡೆ. ತುದಿಯಲ್ಲಿ ಬೊಬ್ಬೆ ಎದ್ದಿತ್ತು.

"ಮೊದಲಿಗಿಂತ ಚೊಲೊ ಆಗೈತ್ರಿ ಅತ್ತಿ," ಎಂದೆ.

"ಇದಕ್ಕ ಚೊಲೊ ಅಂತಾರೇನ? ದಿನಾ ಸಂಜೀಕೆ ಏನ ಮಾಡತಾನವಾ ನಿನ್ನ ಗಂಡ?"

ನಾನು ಗಂಡನ ಪರವಾಗಿ ಜಗಳಕ್ಕೇ ನಿಂತೆ. ನರ ಚಿಗುರುವುದು ನಿಧಾನ, ನಿಮಗೆ ತಿಳಿಯುವುದಿಲ್ಲ, ಅವರ ಕೈಯ ಮೇಲೆ ನನಗೆ ಭರವಸೆ ಇದೆ ಎಂದೆಲ್ಲ ಹೇಳಿದೆ. ಅತ್ತೆ ಬೊಬ್ಬೆಗೆ ಬೆಣ್ಣೆ ಹಚ್ಚಿದರು.

ಇನ್ನು ಪಾರವ್ವನ ವಿಷಯ. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವಾಕೆ. ಸ್ಕೂಟರಿನಿಂದ ಬಿದ್ದು ಎಡಗೈ ನೇತಾಡುವ ಸ್ಥಿತಿಯಲ್ಲಿ ಬಂದವಳು, ಪರೀಕ್ಷೆಯ ರೋಗಿ. ಕೆಲವೇ ತಿಂಗಳಲ್ಲಿ ಆಕೆಯ ಬೆರಳುಗಳು ಮಡಿಚತೊಡಗಿದವು, ಆಮೇಲೆ ಕೈ ಮೇಲೆದ್ದಿತು. ಆಕೆಯದು ಒಂದೇ ತಂಟೆ, ಕರಿಮಣಿ ಸರ. ಚಿಕಿತ್ಸೆಗೆ ಮಲಗುವವರು ಕೊರಳಲ್ಲಿರುವುದನ್ನೆಲ್ಲ ತೆಗೆದಿಡಬೇಕು ಎಂಬುದು ಕಟ್ಟುನಿಟ್ಟಿನ ನಿಯಮ. ಕಪ್ಪು ಮಣಿ ಅವಕೆಂಪು ಬೆಳಕನ್ನು ಪೂರ್ತಿ ಹೀರಿಕೊಂಡು ಕಾಯುತ್ತದೆ. ಆದರೆ ನಮ್ಮ ಕಡೆಯ ಹೆಂಗಸರಿಗೆ ಕರಿಮಣಿ ತೆಗೆಯಿರಿ ಎಂದರೆ ಮುಗಿಯಿತು.

"ಅಯ್ಯ, ಗಂಡ ಗಟ್ಟಿಮುಟ್ಟ ಅದಾನ್ರೀ ಬಾಯಾರ. ಕೊರಳ ಬರಿದ ಮಾಡಂಗಿಲ್ಲ ನಾ," ಎನ್ನುವಳು ಪಾರವ್ವ.

ಕೊನೆಗೆ ಸರವನ್ನು ಮುಂದಕ್ಕೆಳೆದು ಹಲ್ಲಲ್ಲಿ ಕಚ್ಚಿ ಹಿಡಿಯುವುದು ಎಂದು ರಾಜಿಯಾಯಿತು. ಬಾಯಲ್ಲಿ ಸರ ಇದ್ದಷ್ಟು ಹೊತ್ತು ಪಾರವ್ವ ಮಾತಾಡಳು ಎಂಬುದು ನಮಗೆ ಸಿಕ್ಕ ಲಾಭ. ಆದರೆ ಅವತ್ತು ಆಕೆಗೆ ಏನೋ ನೆನಪಾಗಿ ಬಾಯಿ ತೆರೆದೇಬಿಟ್ಟಳು. ಸರ ಜಾರಿ ಕತ್ತಿನ ಹಿಂದೆ, ಚುಕ್ಕೆಯ ಕೆಳಗೇ ಸರಿಯಿತು.

"ಯವ್ವಾ ಸತ್ನೆವ್ವಾ! ಕೆಂಡಾ! ಕೆಂಡಾ ಬಿತ್ರಿ ಕೊರಳಿಗೆ!"

ಉಮಾಕಾಂತ ಯಂತ್ರ ಆರಿಸಿ, ಸರ ಹಿಡಿಯುವುದನ್ನೂ ನೋಡಿಕೊಳ್ಳಲಾಗದೇ ಎಂದು ನನಗೇ ಬೈದ. ಕತ್ತಿಗೆ ತಣ್ಣೀರಿನ ಬಟ್ಟೆ ಒತ್ತುತ್ತ ನಾನೂ ಪಾರವ್ವನೂ ನಕ್ಕೆವು. ಮಣಿಯಷ್ಟಗಲ ಕೆಂಪಗಾಗಿತ್ತು.

ಆಕೆಯನ್ನು ಕಳಿಸಿ ಚಹಾ ಕುಡಿಯುತ್ತ ಕೂತಾಗ ಕೈ ತಾನಾಗಿ ನನ್ನ ಕೊರಳಿಗೆ ಹೋಯಿತು. ನನ್ನದೂ ಕರಿಮಣಿ ಸರವೇ. ದಿನವೆಲ್ಲ ದುಡಿದು ಸಂಜೆ ಮೇಜಿನ ಮೇಲೆ ಬೀಳುವಾಗ ಅದನ್ನು ತೆಗೆಯುವ ನೆನಪು ನನಗೆ ಎಂದೂ ಆಗುತ್ತಿರಲಿಲ್ಲ. ಅದು ಕತ್ತಿನ ಹಿಂದೆ ಇದ್ದಲ್ಲೇ ಇರುತ್ತಿತ್ತು. ಬಂದವರಿಗೆಲ್ಲ ಸರ ಸರ ಎಂದು ಒದರುವ ಉಮಾಕಾಂತ ನನಗೆ ಮಾತ್ರ ಒಂದು ದಿನವೂ ‘ತಗಿ’ ಎಂದವನಲ್ಲ.

ಚಹಾ ಆರಿಹೋಯಿತು. ಇಲ್ಲ, ಇರಲಾರದು, ಮಣಿ ಚುಕ್ಕೆಯಿಂದ ಆಚೆ ಇರುತ್ತಿರಬೇಕು, ಅವನೇ ಬೆರಳಿಂದ ಸರಿಸುತ್ತಿರಬೇಕು ಎಂದು ನನಗೆ ನಾನೇ ವಕೀಲಿಕೆ ಮಾಡಿದೆ.

ಅವತ್ತು ಸಂಜೆ ಮಲಗುವ ಮೊದಲು ಸರವನ್ನು ತಿರುಗಿಸಿ, ಮಣಿಗಳೆಲ್ಲ ಕತ್ತಿನ ಹಿಂದೆ ಚುಕ್ಕೆ ಬೀಳುವ ಜಾಗದಲ್ಲೇ ಗುಂಪಾಗುವಂತೆ ಮಾಡಿದೆ. ಉಮಾಕಾಂತ ಬಂದ. ಸಂದು ಹಿಡಿಯುವಾಗ ಅವನ ಬೆರಳು ಮಣಿಗಳಿಗೆ ತಾಗಿತು. ಅವನಿಗೆ ಕಾಣದೆ ಇರಲಿಲ್ಲ. ಸರಿಸಲಿಲ್ಲ. ಏನೂ ಹೇಳಲಿಲ್ಲ. ಯಂತ್ರ ಗುಂಯ್ ಎಂದಿತು.

ಸುಡು ಎಂದು ಬೇಡಿಕೊಂಡೆ. ನನ್ನ ಜೀವಮಾನದಲ್ಲಿ ಯಾವ ದೇವರನ್ನೂ ಅಷ್ಟು ಬೇಡಿರಲಿಕ್ಕಿಲ್ಲ. ಬೊಬ್ಬೆ ಏಳಲಿ, ಕಲೆ ಉಳಿಯಲಿ, ಪಾರವ್ವನಂತೆ ನಾನೂ ಕೂಗಿಕೊಂಡು ಏಳುವಂತಾಗಲಿ. ಆಮೇಲೆ ಅವನ ಕ್ಷಮೆ ಕೇಳುತ್ತೇನೆ, ಅನುಮಾನ ಪಟ್ಟೆ ಎಂದು ಒಪ್ಪಿಕೊಳ್ಳುತ್ತೇನೆ, ಅವನು ವರ್ಷವಿಡೀ ಚೇಷ್ಟೆ ಮಾಡಲಿ. ಮಲಗಿದಲ್ಲೇ ಕಾದೆ. ಮಣಿಗಳು ತಣ್ಣಗೇ ಇದ್ದವು.

"ಮಣಿ ತಣ್ಣಗ ಐತ್ರಿ," ಎಂದೆ.

"ಏನಂದಿ?"

"ಕರಿಮಣಿ. ಪಾರವ್ವನ್ನ ಸುಟ್ಟ ಬೆಳಕು ನನ್ನ ಯಾಕ ಸುಡವಲ್ದು?"

ಕುತ್ತಿಗೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಆ ಕೈಯನ್ನು ನಾನು ಎಷ್ಟು ಬಲ್ಲೆನೆಂದರೆ ಮುಖ ನೋಡುವ ಅಗತ್ಯವೇ ಬೀಳಲಿಲ್ಲ. ಮೊದಲ ಸಲ ಅದರಲ್ಲಿ ಅವಸರ ಕಂಡಿತು. ಹೇಗೆ ತೆಗೆಯಲಿ, ಎಲ್ಲಿ ಇಡಲಿ ಎಂಬ ಅವಸರ. ನಾನು ಎದ್ದು ಕೂತೆ.

ಅವನು ಯಂತ್ರ ಆರಿಸಿ ಸ್ಟೂಲಿನ ಮೇಲೆ ಕುಳಿತ. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಮರ್ಯಾದೆ ಉಳಿಸಿದ.

"ಯಾರಿಗೆ ಯಾವ ಬೆಳಕ ಅನ್ನೋ ಪಟ್ಟಿ ನನ್ನ ಹೆಬ್ಬಟ್ಟಿಗೆ ತೆರೀತಿತ್ತು, ಕದ್ದ ನೋಡಿದೆ. ಬರೀ ಚುಕ್ಕಿ ಸಿಕ್ಕಂಥಾ ಮಂದಿ ಒಬ್ಬೊಬ್ಬರ ಬಿಟ್ಟ ಹೊಂಟಿದ್ರು ಶೈಲಾ. ಏನೂ ಗುಣಾ ಇಲ್ಲ ಅಂತ. ಇನ್ನೊಬ್ರ ಹೋಗಿದ್ರ ಪರೀಕ್ಷೆನ ನಿಲ್ಲಸ್ತಿದ್ರು, ಯಂತ್ರ ವಾಪಸ್ ಒಯ್ತಿದ್ರು. ಹೋದವರ ಜಾಗಾಕ್ಕ ಬ್ಯಾರೇದವರನ್ನ ಸೇರಸಾಕ ನನಗ ಪರವಾನಗಿ ಇತ್ತು."

"ನನ್ನ ಸೇರಿಸಿದ್ರಿ."

"ಸೇರಿಸಿದೆ."

"ಊರಾಗ ಕೈ ಸೋತವರು ಬ್ಯಾರೆ ಯಾರೂ ಇರಲಿಲ್ಲೇನ?"

"ಇದ್ರು. ಅವರೂ ಬಿಟ್ಟ ಹೋಗ್ತಿದ್ರು. ನೀ ಹೋಗಂಗಿಲ್ಲ ಅಂತ ನನಗ ಗೊತ್ತಿತ್ತು."

ಹೊಡೆದಿದ್ದರೆ ಇಷ್ಟು ಪೆಟ್ಟಾಗುತ್ತಿರಲಿಲ್ಲ. ನನ್ನಲ್ಲಿ ಒಳ್ಳೆಯದು ಎಂದು ಏನಿತ್ತೋ ಅದನ್ನೇ ಆರಿಸಿ ಹಿಡಿದು, ಅದರಿಂದಲೇ ನನ್ನ ಕುತ್ತಿಗೆ ಕೊಯ್ದಿದ್ದ. ಇಷ್ಟು ತಿಂಗಳು ನಾನು ‘ಚೊಲೊ ಐತಿ’ ಎಂದಾಗಲೆಲ್ಲ ಅವನ ಮುಖ ಯಾಕೆ ಸಣ್ಣಗಾಗುತ್ತಿತ್ತೆಂದು ಆಗ ಅರ್ಥವಾಯಿತು. ಬರೀ ಚುಕ್ಕೆ ಬಿದ್ದವಳು ಗುಣವಾಗುತ್ತಿದ್ದೇನೆ ಎಂದರೆ ಯಂತ್ರದ ಬೆಲೆ ಏನುಳಿಯಿತು? ನನ್ನ ಭರವಸೆ ಅವನ ಪರೀಕ್ಷೆಯನ್ನು ಕೆಡಿಸುತ್ತಿತ್ತು.

"ಆತು," ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. "ಆದದ್ದ ಆತು. ನನ್ನ ವರ್ಷ ಇನ್ನೂ ಮುಗದಿಲ್ಲ, ಸ್ವಲ್ಪ ದಿವಸ ಉಳದಾವು. ಯಂತ್ರದ ಮ್ಯಾಲ ಹೆಬ್ಬಟ್ಟ ಇಡ್ರಿ. ಖರೇ ಬೆಳಕ ಹಚ್ಚರಿ. ಈಗ. ನಾ ಮಲಕೋತೀನಿ."

ಇಷ್ಟೆಲ್ಲ ಆದಮೇಲೂ ಅವನ ಕೈಗೆ ಕುತ್ತಿಗೆ ಕೊಡಲು ನಾನು ಸಿದ್ಧಳಿದ್ದೆ. ಇದನ್ನು ಓದುವವರು ಮರೆಯಬಾರದು.

ಉಮಾಕಾಂತ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಮುಂದಿನ ತಿಂಗಳ ಕಡೀ ಪರೀಕ್ಷೆ ಐತಿ. ಈಗ ನಿನಗ ಖರೇ ಬೆಳಕ ಕೊಟ್ರ ಎಲ್ಲಾ ಹೊಳ್ಯಾಗ ಹೋಗತೈತಿ. ಒಂದ ತಿಂಗಳ ತಡಿ. ಮುಗದ ಮರುದಿನಾನ ಮೊದಲು ನಿನಗ."

"ಅಷ್ಟರಾಗ ನನ್ನ ವರ್ಷ ಮುಗದಿರತೈತಿ."

"ವರ್ಷ ಅನ್ನೂದು ಒಂದ ಅಂದಾಜು ಶೈಲಾ. ಒಂದೆಂಟ ದಿನ ಹಿಂದ ಮುಂದ ಆದ್ರ ಏನಾಗಂಗಿಲ್ಲ. ಪಾರವ್ವನ ಕೈ ನೋಡೀಯಲ್ಲ? ಹಂಗ ಎಷ್ಟ ಸಾವಿರ ಮಂದಿ ಕೈ ಎತ್ತತಾರ ವಿಚಾರ ಮಾಡು."

ವಿಚಾರ ಮಾಡಿದೆ. ಅವನು ಹೇಳಿದ್ದು ನಿಜವೇ ಆಗಿತ್ತು. ಅದರಿಂದ ನನ್ನ ಸಿಟ್ಟು ಇಮ್ಮಡಿಯಾಯಿತು. ನೀಚ ಕಾರಣಕ್ಕೆ ಮೋಸ ಮಾಡಿದ್ದರೆ ಬೈದು ಹಗುರಾಗುತ್ತಿದ್ದೆ. ಇಂಥ ಘನವಾದ ಕಾರಣ ಮುಂದಿಟ್ಟು ನನ್ನ ಬಾಯಿಗೂ ಬೀಗ ಜಡಿದಿದ್ದ.

ಮನೆಗೆ ಬಂದು ಅಡುಗೆಮನೆಯಲ್ಲಿ ಅತ್ತೆಯೆದುರು ಕೂತು ಎಲ್ಲ ಹೇಳಿದೆ. ಕೈರೊಪ್ರಾಕ್ಟಿಕ್, ಅವಕೆಂಪು ಯಾವುದೂ ತಿಳಿಯದಿದ್ದರೂ ವಿಷಯ ಅವರಿಗೆ ತಟ್ಟನೆ ತಿಳಿಯಿತು. ಮಗನನ್ನು ಬಯ್ಯಲಿಲ್ಲ, ಸಮರ್ಥಿಸಲೂ ಇಲ್ಲ. ಸೆರಗಿನಿಂದ ಎರಡೂ ಕೈ ಒರೆಸಿಕೊಂಡು ಎದ್ದು ನಿಂತರು.

"ಕುತ್ತಗಿ ಹಿಡಿಯೂದ ಅಷ್ಟ ಅಲ್ಲ? ಬಾ, ನಾ ಹಿಡೀತೀನಿ. ಹೆಂಗ ಅಂತ ಹೇಳಿ ಕೊಡು. ನನ್ನ ಕೈಯಾಗ ಇನ್ನೂ ತಾಕತ್ತ ಐತಿ."

"ಅದು ವರ್ಷಗಟ್ಟಲೆ ಕಲೀಬೇಕ್ರಿ ಅತ್ತಿ. ಮ್ಯಾಲ, ಯಂತ್ರ ತೆರಿಯಾಕ ಅವರ ಹೆಬ್ಬಟ್ಟ ಬೇಕು."

"ಅವನ ಹೆಬ್ಬಟ್ಟಿಗಿಷ್ಟ ಹುಳಾ ಬೀಳ," ಎಂದರು ಹೆತ್ತ ತಾಯಿ. ಆಮೇಲೆ ಕುಸಿದು ಕೂತು ಅತ್ತರು. ಅವರ ಜೊತೆ ನಾನೂ ಅತ್ತುಬಿಟ್ಟೆ. ಆ ಮನೆಯಲ್ಲಿ ನನಗಾಗಿ ಅತ್ತವರು ಅವರೊಬ್ಬರೇ.

ಅವತ್ತಿನಿಂದ ಸಂಜೆ ಮೇಜಿನ ಮೇಲೆ ಮಲಗಲಿಲ್ಲ. ಉಮಾಕಾಂತ ಮತ್ತೆ ಬೇಡಿಕೊಂಡ, ಆದರೆ ಕೈ ಜೇಬಿನಲ್ಲಿ ಇಟ್ಟುಕೊಂಡೇ ಬೇಡಿಕೊಂಡ. ನನ್ನ ವರ್ಷ ಮುಗಿಯಿತು. ಅದಕ್ಕೊಂದು ಗಂಟೆಯೇನೂ ಬಾರಿಸಲಿಲ್ಲ. ಆ ದಿನ ಮನೆಯಲ್ಲಿ ಹುಳಿಯನ್ನ ಮಾಡಿದ್ದೆ, ಮೂವರೂ ಉಂಡೆವು.

ಕಡೆಯ ಪರೀಕ್ಷೆಗೆ ಪುಣೆಯಿಂದ ಪರೀಕ್ಷಕಿಯೊಬ್ಬರು ಬಂದರು. ಮೂಲತಃ ಬೆಳಗಾವಿಯವರು, ಮೆದು ಮಾತಿನ ವಯಸ್ಸಾದ ಹೆಂಗಸು. ಯಾರಿಗೆ ಯಾವ ಬೆಳಕು ಬಿದ್ದಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಕಣ್ಣು ಮುಚ್ಚಿಸಿ, ಬೆರಳಿಗೆ ಏನೋ ತಾಗಿಸಿ, ತಿಳಿಯಿತೇ ಎಂದು ಕೇಳುತ್ತಾರೆ. ಉಮಾಕಾಂತ ಕೋಣೆಯ ಮೂಲೆಯಲ್ಲಿ ನಿಂತಿದ್ದ. ನನ್ನ ಸರದಿ ಬಂತು.

ಅವನನ್ನು ಮುಳುಗಿಸಲು ನನಗೆ ಎರಡು ದಾರಿಗಳಿದ್ದವು. ನಡೆದದ್ದನ್ನೆಲ್ಲ ಪರೀಕ್ಷಕಿಗೆ ಹೇಳಿಬಿಡುವುದು ಒಂದು. ಅದರಿಂದ ಅವನ ಜೊತೆಗೆ ಯಂತ್ರವೂ ಹೋಗುತ್ತಿತ್ತು, ಹೊರಗೆ ಬೆಂಚಿನ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಸರದಿಗೆ ಕಾಯುತ್ತಿದ್ದವರ ಆಸೆಯೂ ಹೋಗುತ್ತಿತ್ತು. ಇನ್ನೊಂದು ಇನ್ನೂ ಸುಲಭ. ಕೇಳಿದ್ದಕ್ಕೆಲ್ಲ ‘ಹೂಂ, ತಿಳೀತು’ ಎಂದರಾಯಿತು. ಬರೀ ಚುಕ್ಕೆ ಬಿದ್ದ ಕೈ ಪೂರ್ತಿ ಗುಣವಾಗಿದೆ ಎಂದರೆ ಅವನ ವರ್ಷದ ದುಡಿಮೆಯೂ ಮಣ್ಣುಪಾಲು. ರಾತ್ರಿಯೆಲ್ಲ ಈ ಎರಡನೆಯದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ನೂಲಿನ ಎಳಿ ತಾಗಸಾಕತ್ತೀನಿ. ತಿಳೀತೇನ್ರಿ?" ಎಂದರು ಪರೀಕ್ಷಕಿ.

‘ಹೂಂ’ ಎನ್ನಲು ಬಾಯಿ ತೆರೆದೆ. ಅವನಿಗಾಗಿ ಎಷ್ಟು ಸಲ ಚೊಲೊ ಐತಿ, ಚೊಲೊ ಐತಿ ಎಂದಿದ್ದೆ! ಇನ್ನೊಂದು ಸಲ ಅಂಥ ಮಾತು ಬಾಯಿಂದ ಹೊರಡಲಿಲ್ಲ. ಯಾರ ಉದ್ಧಾರಕ್ಕೂ ಅಲ್ಲ, ನನಗೆ ಸಾಕಾಗಿತ್ತು.

"ಇಲ್ಲ," ಎಂದೆ.

"ಸೂಜಿ ಐತಿ ಈಗ."

"ಇಲ್ರಿ."

"ಬಿಸಿ ನೀರಿನ ನಳಗಿ. ಈಗರ?"

"ಇಲ್ಲ."

ಮೂಲೆಯಲ್ಲಿ ಉಸಿರು ಬಿಟ್ಟ ಸದ್ದಾಯಿತು. ಬಹಳ ಹೊತ್ತು ಬಿಗಿಹಿಡಿದಿದ್ದ ಉಸಿರು. ಕಣ್ಣು ತೆರೆದೆ. ಉಮಾಕಾಂತನ ಮುಖ ಅರಳಿತ್ತು. ನನ್ನ ಬೆರಳು ಸತ್ತಿದೆ ಎಂಬ ಸುದ್ದಿಗೆ ಅರಳಿತ್ತು, ನಾನು ಮೊದಲ ಸಲ ಗುಣ ಕಂಡೆನೆಂದು ಹೇಳಿದ ದಿನ ಅರಳಬೇಕಿದ್ದ ಮುಖ.

ಪರೀಕ್ಷಕಿ ನನ್ನ ಭುಜ ತಟ್ಟಿ, ಮುಂದಿನವರನ್ನು ಕರೆಯಲು ಹೊರಗೆ ಹೋದರು. ಉಮಾಕಾಂತ ಓಡಿಬಂದು ನನ್ನೆದುರು ಮೊಣಕಾಲೂರಿ ಕೂತ.

"ಗೆದ್ವಿ ಶೈಲಾ. ನೀ ಖರೇ ಹೇಳಿದಿ ನೋಡು, ಅದಕ್ಕ ಗೆದ್ವಿ. ನಾಳಿಯಿಂದ ಮೊದಲನೇ ಬೆಳಕ ನಿನಗ. ನಿನ್ನ ಋಣಾ ನಾ ಎಂದೂ ಮರಿಯಂಗಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ನಾಟಕವಾಗಿರಲಿಲ್ಲ, ನನಗೆ ಗೊತ್ತು. ಬೆಳಗಾವಿ, ಕಲಬುರಗಿ, ಮೈಸೂರು ಎಂದು ಕ್ಲಿನಿಕ್ಕು ತೆರೆಯುವ ಊರುಗಳ ಹೆಸರು ಹೇಳುತ್ತ ಹೋದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಕಣ್ಣು ಕೆಳಗೆ ಹೋಯಿತು. ನನ್ನ ಬಲಗೈ ಹೆಬ್ಬೆರಳನ್ನು ಅವನು ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಯಾವಾಗಿನಿಂದ ಹಿಡಿದಿದ್ದನೋ, ನನಗೆ ಗೊತ್ತಾಗಿರಲಿಲ್ಲ.